ಎದ್ದು ಕಾಣುವ ಮರ

ಬೈತಖೋಲ ಬಂದರಿನಲ್ಲಿ ಆವತ್ತು ಮೀನಿಗಿಂತ ಐಸೇ ಹೆಚ್ಚು.
ಟ್ರಾಲರುಗಳೆಲ್ಲ ಒಂದಕ್ಕೊಂದು ಒರಗಿ
ತೂಕಡಿಸುವ ಹೊತ್ತಿಗೆ
ದೇವಗಡದ ದೀಪಸ್ತಂಭದ ಬಗಲಿಂದ
ಬಂತು ಒಂದು ಬಿಳಿ ಹಾಯಿ,
ಒಣಹಾಕಿ ಯಾರೋ ಮರೆತ ಪಂಚೆಯ ಹಾಗೆ.

ಹೆಸರು ಮೋವೆ. ಅಂದರೆ ಕಡಲಹಕ್ಕಿಯಂತೆ.
ಒಳಗೆ ಊವೆ, ಅವನ ಹೆಂಡತಿ ಗೆರ್ಡಾ,
ಇಬ್ಬರಿಗೂ ಎಪ್ಪತ್ತರ ಮೇಲೆ, ಬೆಂದ ಸಿಗಡಿಯ ಬಣ್ಣ.
ಮತ್ತೆ ಒಂದು ಬೆಕ್ಕು.
ಕಸ್ಟಮ್ಸಿನ ಪಾವಸ್ಕರ ಸಾಹೇಬರು ಫಾರ್ಮು ಬಿಡಿಸಿ
ಹಿಂದಿನ ಬಂದರು ಕೊಚ್ಚಿ, ಮುಂದಿನದು ಮುಂಬೈ ಎಂದು ತುಂಬಿ
ಬೆಕ್ಕಿಗೆ ಬಂದು ನಿಂತರು.
ಸಿಬ್ಬಂದಿಯೋ? ಸರಕೋ?
ಕೊನೆಗೆ 'ಇತರೆ' ಎಂದು ಬರೆದು ಸಹಿ ಹಾಕಿದರು.

ಡೀಸೆಲ್ಲು, ನೀರು, ಟೊಮೇಟೊ, ಒಂದು ಕಟ್ಟು ಬಸಳೆ
ಹೊತ್ತದ್ದು ನನ್ನ ಪಾತಿ ದೋಣಿ.
ನಾಲ್ಕು ಸಲ ಹೋಗಿ ಬಂದೆ. ಐದನೆಯ ಸಲ
ಮೇಲೆ ಬಾ ಜಟ್ಟಿ, ಎಂದರು.
ಚಪ್ಪಲಿ ಬಿಟ್ಟು ಹತ್ತಿದೆ, ಗುಡಿಯ ಮೆಟ್ಟಿಲು ಹತ್ತಿದ ಹಾಗೆ.
ಅವರೂ ಬರಿಗಾಲಲ್ಲೇ ಇದ್ದರು.

ಐವತ್ತೆರಡು ವರ್ಷ ಈ ದಂಡೆಯಲ್ಲಿದ್ದೂ
ದಂಡೆಯನ್ನು ಕೂತು ನೋಡಿದವನಲ್ಲ ನಾನು,
ಅದೂ ಕೈಯಲ್ಲಿ ಚಹಾ ಹಿಡಿದು.
ಬಲೆ ಬಿಟ್ಟವನ ಕಣ್ಣು ಯಾವತ್ತೂ ಬೆಂಡಿನ ಮೇಲೆ.
ಈಗ ಕಂಡಿತು: ಸದಾಶಿವಗಡದ ಗುಡ್ಡ, ಕಾಳಿಯ ಸೇತುವೆ,
ಗಾಳಿಮರಗಳ ಸಂದಿಯಲ್ಲಿ ಗೋಬಿ ಗಾಡಿಯ ಕೆಂಪು ಕೊಡೆ.

ಗೆರ್ಡಾ ಪುಸ್ತಕ ತೆರೆದು ಓದಿದಳು:
ತೆಂಗು, ಬೆಳ್ಳಿಮರಳು, ನಿದ್ದೆಗಣ್ಣಿನ ವಿಹಾರಪಟ್ಟಣ.
ಹೌದೇ? ಯಾವ ಊರು ಇದು, ಎಂದೆ.
ನಿಮ್ಮದೇ, ಎಂದಳು.
ನಮ್ಮಲ್ಲಿ ನಿದ್ದೆ ಮಾಡುವವರು ಯಾರೆಂದು ಲೆಕ್ಕ ಹಾಕಿದೆ.
ಐಸ್ ಫ್ಯಾಕ್ಟರಿಯ ರಾತ್ರಿಪಾಳಿಯ ಕುಸ್ಲು ಅಲ್ಲ.
ಮೂರಕ್ಕೇ ಎದ್ದು ಬುಟ್ಟಿ ತೊಳೆಯುವ ನನ್ನ ಮಾದೇವಿ ಅಲ್ಲ.

ಆಮೇಲೆ ಊವೆ ನಕಾಶೆ ಹಾಸಿದ.
ಹಳೆಯದು, ಮಡಿಕೆಯಲ್ಲಿ ಹರಿದದ್ದು.
ಮೊಬೈಲಿನಲ್ಲಿ ಎಲ್ಲ ಇದೆ, ಆದರೆ ಮೊಬೈಲು ನೀರು ಕುಡಿದರೆ ಸಾಯುತ್ತದೆ, ಎಂದ.
ಅದರಲ್ಲಿ ನೆಲವೆಲ್ಲ ಬರಿದು, ಸಮುದ್ರದ ತುಂಬ ಅಂಕಿ;
ನಮ್ಮ ಶಾಲೆಯ ಗೋಡೆಯ ನಕಾಶೆಗೆ ತದ್ವಿರುದ್ಧ.
ಮೂರು, ನಾಲ್ಕೂವರೆ, ಆರು, ಎಲ್ಲ ಮಾರಿನ ಲೆಕ್ಕ,
ಅಪ್ಪ ಎರಡೂ ಕೈ ಚಾಚಿ ಹಗ್ಗ ಅಳೆದ ಹಾಗೆ.

ತೆಂಕಣ ದಿಕ್ಕಿನ ಒಂದು ಬಾಗಿಗೆ ಬೆರಳಿಟ್ಟ.
ಇಲ್ಲಿ ಲಂಗರು ಹಾಕಬಹುದೆ? ಒಳ್ಳೇ ಮರಳು, ಗಾಳಿಗೆ ಮರೆ.

ಆಗಲ್ಲ. ಅದು ನೌಕಾನೆಲೆ.
ಆ ಕಡೆ ಕ್ಯಾಮೆರಾ ಕೂಡ ತಿರುಗಿಸಬೇಡಿ.
ನಾನು ಹುಟ್ಟಿದ್ದು ಅಲ್ಲಿ ಎನ್ನಲಿಲ್ಲ.
ಎನ್ನಲು ಬಾಯಿ ತೆರೆದಾಗಲೇ ಕಂಡದ್ದು
ದಂಡೆಯ ಅಂಚಿನಲ್ಲಿ, ಎಳ್ಳಿನಷ್ಟು, ಒಂದು ಗುರುತು.
ಏನಿದು?
ಗೆರ್ಡಾ ಭೂತಗನ್ನಡಿ ಹಿಡಿದಳು.
'ಎದ್ದು ಕಾಣುವ ಮರ.'

ನಮ್ಮ ಉಂಡಿ ಮರ.
ಅದರಡಿ ಕೂತು ಬಲೆ ಹೊಲಿದೆವು,
ಅದರ ಬೀಜದೆಣ್ಣೆ ದೋಣಿಗೆ ಬಳಿದೆವು.
ಅಜ್ಜಿ ಅದಕ್ಕೇ ಬೆನ್ನು ಕೊಟ್ಟು
ಸರ್ವೆಯವರ ಟೇಪು ಬಿಚ್ಚುವುದು ಸುತ್ತುವುದು ನೋಡುತ್ತ
ಮಧ್ಯಾಹ್ನದವರೆಗೆ ಬಾಯಲ್ಲಿದ್ದ ಕವಳ ಉಗುಳದೆ ಕೂತಿದ್ದಳು.
ತೆಂಗಿಗೆ ಇಷ್ಟು, ಮಾವಿಗೆ ಇಷ್ಟು ಎಂದು ಪರಿಹಾರ ಬಂತು.
ಉಂಡಿ ಪಟ್ಟಿಯಲ್ಲೇ ಇರಲಿಲ್ಲ.

ಆ ಮರ ಈಗಿಲ್ಲ, ಎಂದೆ. ಕಡಿದು ಇಪ್ಪತ್ತು ವರ್ಷದ ಮೇಲಾಯ್ತು.
ಗೆರ್ಡಾ ಪೆನ್ಸಿಲು ತೆಗೆದಳು, ಕಾಟು ಹಾಕಲು.
ಇಲ್ಲದ ಗುರುತು ನಂಬಿದವರು ಬಂಡೆಗೆ ಹೋಗುತ್ತಾರೆ, ಎಂದಳು.
ನಿಜ.
ಇರಲಿ ಬಿಡಿ, ಅಂದಿತು ನನ್ನ ಬಾಯಿ.
ಪೆನ್ಸಿಲು ಅಲ್ಲೇ ನಿಂತಿತು. ಬೆಕ್ಕು ಬಂದು
ನಕಾಶೆಯ ಮೇಲೆ, ಸರಿಯಾಗಿ ಕಾರವಾರದ ಮೇಲೆ, ಮಲಗಿತು.

ಬೆಳಗಿನ ನೆಲಗಾಳಿಗೆ ಹೊರಟರು, ಬಡಗಣಕ್ಕೆ.
ಧಕ್ಕೆಯಿಂದ ನೋಡಿದೆ: ಗೆರ್ಡಾ ದಿಕ್ಸೂಚಿ ಕಣ್ಣಿಗೆ ಹಿಡಿದು
ತೆಂಕಣಕ್ಕೆ ತಿರುಗಿ ನಿಂತಿದ್ದಳು, ತುಂಬ ಹೊತ್ತು.
ಅಲ್ಲಿ ಏನಕ್ಕೆ ಗುರಿ ಹಿಡಿದಳೋ.

ನನ್ನ ನೀಲಿ ಕ್ಯಾನೊಂದು ಅವರಲ್ಲೇ ಉಳಿಯಿತು.
ಮುಚ್ಚಳ ನನ್ನ ಜೇಬಿನಲ್ಲಿದೆ.